ಹಳೆಯ ರೋಡ್ ಸೈಕಲ್ಲಿನ ಮೂಲ ಬಿಡಿಭಾಗಗಳು: ಅಪಾಯದ ದೋಷಗಳನ್ನು ಪತ್ತೆಹಚ್ಚುವ ಕ್ರಮ

1960ರಿಂದ 1985ರವರೆಗೆ ಫ್ರಾನ್ಸ್, ಇಟಲಿ, ಇಂಗ್ಲೆಂಡುಗಳಲ್ಲಿ ತಯಾರಾದ ರೋಡ್ ಸೈಕಲ್ಲನ್ನು ಅದರ ಮೂಲ ಬಿಡಿಭಾಗಗಳ ಸಮೇತ ಮತ್ತೆ ರಸ್ತೆಗಿಳಿಸಲು ಹೊರಟವರು ಪ್ರತಿಯೊಂದು ಭಾಗವನ್ನೂ ಕೈಗೆತ್ತಿಕೊಂಡು "ಇದು ಕೆಲಸ ಮಾಡುತ್ತದೆಯೇ" ಎಂದು ಕೇಳಿಕೊಳ್ಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಈ ಭಾಗ ಕೈಕೊಟ್ಟರೆ ಸೈಕಲ್ ನಿಲ್ಲುತ್ತದೆಯೋ, ಸವಾರರು ಬೀಳುತ್ತಾರೋ? ಸಿಂಪ್ಲೆಕ್ಸ್ ಕಂಪನಿಯ ಡೆಲ್ರಿನ್ ಪ್ಲಾಸ್ಟಿಕ್ಕಿನ ಡಿರೈಲರ್ ಸೀಳಿದರೆ ಗೇರ್ ಬದಲಾಗುವುದಿಲ್ಲ, ಮನೆಗೆ ತಳ್ಳಿಕೊಂಡು ಬರಬಹುದು. ಇಳಿಜಾರಿನಲ್ಲಿ ಸ್ಟೆಮ್ (ಹ್ಯಾಂಡಲ್ ಬಾರನ್ನು ಮುಂದಿನ ಫೋರ್ಕಿಗೆ ಜೋಡಿಸುವ ಭಾಗ) ಮುರಿದರೆ ತಳ್ಳಿಕೊಂಡು ಬರುವ ಮಾತೇ ಉಳಿಯುವುದಿಲ್ಲ. ಈ ಕೈಪಿಡಿಯಲ್ಲಿ ದೋಷಗಳನ್ನು ಆ ವ್ಯತ್ಯಾಸದ ಮೇಲೆಯೇ ಜೋಡಿಸಿದೆ. ಉದಾಹರಣೆಗಾಗಿ 1970ರ ಆಸುಪಾಸಿನ, ಫ್ರಾನ್ಸಿನ ಪ್ಯೂಜೋ ಕಂಪನಿಯ ಎರಡು ಸೈಕಲ್ಲುಗಳನ್ನು ಇಟ್ಟುಕೊಳ್ಳಲಾಗಿದೆ: ರೆನಾಲ್ಡ್ಸ್ 531 ಎಂಬ ಉಕ್ಕಿನ ಕೊಳವೆಗಳಿಂದ ಮಾಡಿದ ಸ್ಪರ್ಧಾ ಮಾದರಿ ಪಿಎಕ್ಸ್-10 ಮತ್ತು ಉಕ್ಕಿನ ರಿಮ್ಮು, ಕಾಟರ್ ಪಿನ್ನಿನ (ಬೆಣೆಯಂತೆ ಬಿಗಿಯುವ ಪಿನ್) ಕ್ರ್ಯಾಂಕುಗಳಿದ್ದ (ಪೆಡಲಿನ ತೋಳುಗಳು) ಸಾಮಾನ್ಯರ ಮಾದರಿ ಯುಒ-8.

ಮೂಲ ಭಾಗಗಳ ಮೇಲಿನ ಮೋಹಕ್ಕೆ ಕಾರಣಗಳಿವೆ. ಇಟಲಿಯ ಟಸ್ಕನಿಯಲ್ಲಿ, ಗಾಯೊಲೆ ಇನ್ ಕಿಯಾಂತಿ ಎಂಬ ಊರಿನಿಂದ 1997ರಿಂದ ಹೊರಡುತ್ತಿರುವ ಎರೋಯಿಕಾ ಸವಾರಿಗೆ 1987ಕ್ಕಿಂತ ಹಿಂದಿನ ಮಾದರಿಯ ಸೈಕಲ್, ಡೌನ್ ಟ್ಯೂಬಿನ (ಹ್ಯಾಂಡಲಿನ ಬುಡದಿಂದ ಪೆಡಲುಗಳ ಕಡೆಗೆ ಇಳಿಯುವ ಕೊಳವೆ) ಮೇಲಿನ ಗೇರ್ ಲಿವರ್, ಪಾದ ಹಿಡಿದಿಡುವ ಟೋ ಕ್ಲಿಪ್ ಇರುವ ಪೆಡಲ್, ಹ್ಯಾಂಡಲ್ ಬಾರಿನ ಹೊರಗೆ ಕಾಣುವ ಬ್ರೇಕ್ ಕೇಬಲ್ ಇರಬೇಕೆಂಬ ನಿಯಮವಿದೆ. ಇವೆಲ್ಲವನ್ನೂ ಹೊಸ ಸ್ಟೆಮ್, ಹೊಸ ಹ್ಯಾಂಡಲ್ ಬಾರ್ ಹಾಕಿಕೊಂಡೂ ಪಾಲಿಸಬಹುದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹೊಳಪು ಕೊಡುವ ಮೊದಲು

ಜೀರ್ಣೋದ್ಧಾರದಲ್ಲಿ ಎಲ್ಲರಿಗೂ ಪ್ರಿಯವಾದ ಕೆಲಸವೆಂದರೆ ಅಲ್ಯೂಮಿನಿಯಂ ಭಾಗಗಳನ್ನು ಬಫಿಂಗ್ ಚಕ್ರಕ್ಕೆ ಹಿಡಿದು ಕನ್ನಡಿಯಂತೆ ಮಾಡುವುದು. ತಪಾಸಣೆಗೆ ಮುನ್ನ ಇದನ್ನು ಖಂಡಿತ ಮಾಡಬಾರದು. ಅಲ್ಯೂಮಿನಿಯಂ ಮೆದು ಲೋಹವಾದ್ದರಿಂದ ತಂತಿಯ ಬ್ರಷ್ಷಾಗಲಿ ಬಫಿಂಗ್ ಚಕ್ರವಾಗಲಿ ಮೇಲ್ಪದರವನ್ನು ಎಳೆದು ಬಿರುಕಿನ ಬಾಯಿಯ ಮೇಲೆ ಸವರಿಬಿಡುತ್ತದೆ. ಬಿರುಕು ಅಲ್ಲೇ ಇರುತ್ತದೆ, ಕಾಣುವುದು ಮಾತ್ರ ನಿಲ್ಲುತ್ತದೆ. ಮೊದಲು ಸೀಮೆಎಣ್ಣೆ ಅಥವಾ ಡಿಗ್ರೀಸರ್ ಹಾಕಿ ಮೆದು ಬ್ರಷ್ಷಿನಿಂದ ತೊಳೆದು, ಒರೆಸಿ, ಅರ್ಧ ದಿನ ಹಾಗೆಯೇ ಬಿಡಬೇಕು. ಬಿರುಕಿನೊಳಗೆ ಹೊಕ್ಕ ಎಣ್ಣೆ ಆ ವೇಳೆಯಲ್ಲಿ ನಿಧಾನವಾಗಿ ಹೊರಕ್ಕೆ ಜಿನುಗಿ, ಒರೆಸಿದ ಜಾಗದಲ್ಲಿ ಮತ್ತೆ ಕಪ್ಪನೆಯ ಸಣ್ಣ ಗೆರೆಯಾಗಿ ಕಾಣಿಸಿಕೊಳ್ಳುವುದುಂಟು.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಭೂತಗನ್ನಡಿ, ಪಕ್ಕದಿಂದ ಓರೆಯಾಗಿ ಬೆಳಕು ಬಿಡಲು ಟಾರ್ಚು, 0.05 ಮಿ.ಮೀ. ವರೆಗೆ ಓದುವ ವರ್ನಿಯರ್ ಕ್ಯಾಲಿಪರ್, ಸ್ವಲ್ಪ ಹತ್ತಿ ಇವಿಷ್ಟು ಸಾಕು. ಹತ್ತಿಯ ಎಳೆಯನ್ನು ಅನುಮಾನದ ಜಾಗದ ಮೇಲೆ ಎಳೆದಾಗ ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಮತ್ತೊಮ್ಮೆ ನೋಡಬೇಕು. ಸಂದೇಹ ಉಳಿದರೆ ಡೈ ಪೆನೆಟ್ರಂಟ್ ಬಳಸಬೇಕು: ಕೆಂಪು ಬಣ್ಣದ ದ್ರವವನ್ನು ಸಿಂಪಡಿಸಿ, ಡಬ್ಬಿಯ ಮೇಲೆ ಸೂಚಿಸಿದಷ್ಟು ಹೊತ್ತು ಬಿಟ್ಟು, ಪೂರ್ತಿ ಒರೆಸಿ, ಬಿಳಿಯ ಡೆವಲಪರ್ ಹಾಕಿದರೆ ಬಿರುಕಿನ ಜಾಗದಲ್ಲಿ ಕೆಂಪು ಗೆರೆ ಮೂಡುತ್ತದೆ. ಬೆಸುಗೆ ಮತ್ತು ಎರಕದ ತಪಾಸಣೆಗೆ ದಿನವೂ ಬಳಸುವ ವಸ್ತುವಾದ್ದರಿಂದ ವೆಲ್ಡಿಂಗ್ ಸಾಮಾನು ಮಾರುವ ಅಂಗಡಿಗಳಲ್ಲಿ ವಿಚಾರಿಸಿದರೆ ಸಿಗುತ್ತದೆ.

ಬಿರುಕಲ್ಲದ್ದನ್ನು ಬಿರುಕೆಂದು ಭ್ರಮಿಸುವುದೂ ಇದೆ. ಆನೊಡೈಸ್ ಮಾಡಿದ ಮೇಲ್ಮೈ ಗಾಜಿನಂತೆ ಗಡಸು. ಒಳಗಿನ ಲೋಹ ಸ್ವಲ್ಪ ಬಾಗಿದಾಗ ಆ ಪದರದಲ್ಲಿ ಒಂದರ ಪಕ್ಕ ಒಂದರಂತೆ ಹಲವು ನವಿರು ಗೆರೆಗಳು ಏಳುತ್ತವೆ. ನಿಜವಾದ ಬಿರುಕು ಸಾಧಾರಣವಾಗಿ ಒಂಟಿ. ಮೂಲೆ, ರಂಧ್ರ, ಗೀರು ಇಂಥ ಯಾವುದಾದರೊಂದು ಜಾಗದಿಂದ ಹೊರಟು ಸ್ಪಷ್ಟವಾದ ದಿಕ್ಕಿನಲ್ಲಿ ಸಾಗುತ್ತದೆ. ಆದರೂ ಮೇಲ್ಪದರದ ಗೆರೆಗಳನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ಆ ಭಾಗ ಒಮ್ಮೆ ಬಾಗಿತ್ತು ಎಂಬುದಕ್ಕೆ ಅವೇ ಸಾಕ್ಷಿ.

ಅಲ್ಯೂಮಿನಿಯಂ ಮೇಲೆ ಇಷ್ಟು ಕಣ್ಣಿಡಲು ಕಾರಣವಿದೆ. ಉಕ್ಕಿನ ಭಾಗದ ಮೇಲೆ ಬೀಳುವ ಒತ್ತಡ ಒಂದು ಮಿತಿಯ ಕೆಳಗೇ ಇದ್ದರೆ ಅದು ಎಷ್ಟು ಬಾರಿ ಮರುಕಳಿಸಿದರೂ ಉಕ್ಕು ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಸ್ಪಷ್ಟ ಮಿತಿಯಿಲ್ಲ. ಸಣ್ಣ ಒತ್ತಡವಾದರೂ ಪ್ರತಿ ಸಲವೂ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಐವತ್ತು ವರ್ಷದ ಹ್ಯಾಂಡಲ್ ಬಾರಿನ ನಿಜವಾದ ವಯಸ್ಸು ಅದರ ಮೇಲೆ ಎಷ್ಟು ಸವಾರಿ ನಡೆದಿದೆ ಎಂಬುದು, ಮತ್ತು ಆ ಇತಿಹಾಸ ಹೊಸ ಮಾಲೀಕರಿಗೆ ಸಿಗುವುದೇ ಇಲ್ಲ.

ಲಕ್ಷಣ: ಎದ್ದು ನಿಂತು ತುಳಿದಾಗ ಹ್ಯಾಂಡಲ್ ಬಾರಿನಿಂದ ಕಿರುಗುಟ್ಟುವ ಸದ್ದು, ಅಥವಾ ಹ್ಯಾಂಡಲ್ ಜಾರುವುದು

ಎಲ್ಲಕ್ಕಿಂತ ಮೊದಲು ಬಗೆಹರಿಸಬೇಕಾದ ದೂರು ಇದು. ಮುಂದಿನ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಬಿಗಿಯಾಗಿ ಹಿಡಿದು ಹ್ಯಾಂಡಲ್ ಬಾರನ್ನು ಎಡಬಲಕ್ಕೆ ತಿರುಚಬೇಕು. ಚಕ್ರ ಅಲುಗದೆ ಹ್ಯಾಂಡಲ್ ಮಾತ್ರ ತಿರುಗಿದರೆ ಸ್ಟೆಮ್ಮಿನ ಕಾಂಡ ಫೋರ್ಕಿನ ಕೊಳವೆಯೊಳಗೆ ಕಚ್ಚಿಕೊಂಡಿಲ್ಲ. ಬ್ರೇಕ್ ಲಿವರುಗಳ ಮೇಲೆ ಕೈಯೂರಿ ಕೆಳಕ್ಕೆ ಒತ್ತಿದಾಗ ಬಾರ್ ಮುಂದಕ್ಕೆ ಉರುಳಿದರೆ ಸ್ಟೆಮ್ಮಿನ ತುದಿಯ ಹಿಡಿಕೆ ಬಾರನ್ನು ಹಿಡಿದಿಲ್ಲ. ಎರಡೂ ಅಲುಗದೆ ಸದ್ದು ಮಾತ್ರ ಬಂದರೆ ಕೊಳೆ, ಕಿಲುಬು ಅಥವಾ ಬಿರುಕು ಇದ್ದೀತು. ಮೂರರಲ್ಲಿ ಯಾವುದೆಂದು ತಿಳಿಯಲು ಪೂರ್ತಿ ಬಿಚ್ಚುವುದೊಂದೇ ದಾರಿ; ಬೋಲ್ಟನ್ನು ಇನ್ನಷ್ಟು ಬಿಗಿದು ಸದ್ದು ಅಡಗಿಸಿದರೆ ರೋಗ ಹಾಗೆಯೇ ಉಳಿದು ಲಕ್ಷಣವಷ್ಟೇ ಮರೆಯಾಗುತ್ತದೆ.

ಬಿಚ್ಚಿದ ಮೇಲೆ ಮೊದಲು ಅಳತೆ. ಫ್ರೆಂಚ್ ಸ್ಟೆಮ್ಮಿನ ಕಾಂಡ 22.0 ಮಿ.ಮೀ., ಇಂಗ್ಲಿಷ್, ಇಟಾಲಿಯನ್, ಜಪಾನೀ ಸ್ಟೆಮ್ಮುಗಳದ್ದು 22.2 ಮಿ.ಮೀ. ಈ 0.2 ಮಿ.ಮೀ. ವ್ಯತ್ಯಾಸ ಕಣ್ಣಿಗೆ ಕಾಣದು. ಫ್ರೆಂಚ್ ಸ್ಟೆಮ್ಮನ್ನು ಇಂಗ್ಲಿಷ್ ಫೋರ್ಕಿಗೆ ಹಾಕಿದರೆ ಅದು ಸಡಿಲವಾಗಿಯೇ ಕೂರುತ್ತದೆ, ಅದನ್ನು ಸರಿದೂಗಿಸಲು ಬಿಗಿದಷ್ಟೂ ಕಾಂಡದ ತುದಿ ಅರಳಿ ಒತ್ತಡ ಹೆಚ್ಚುತ್ತದೆ, 22.2 ಮಿ.ಮೀ. ಸ್ಟೆಮ್ಮನ್ನು ಪ್ಯೂಜೋ ಫೋರ್ಕಿಗೆ ಸುತ್ತಿಗೆಯಿಂದ ಬಡಿದು ಇಳಿಸಿದರೆ ಮತ್ತೆ ಹೊರಬರುವುದೇ ಕಷ್ಟ. ಸ್ಟೆಮ್ಮಿನ ಹಿಡಿಕೆ ಬಾರನ್ನು ಕಚ್ಚುವ ಜಾಗದ ಅಳತೆ ಇನ್ನೂ ಗೋಜಲು. ಎವಿಎ, ಫಿಲಿಪ್ ಮೊದಲಾದ ಫ್ರೆಂಚ್ ಬಾರುಗಳದ್ದು 25.0, ಹಲವು ಜಪಾನೀ ಬಾರುಗಳದ್ದು 25.4, ನಂತರದ ಇಟಾಲಿಯನ್ ಬಾರುಗಳದ್ದು ಹೆಚ್ಚಾಗಿ 26.0 ಇದ್ದರೆ ಹಳೆಯ ಚಿನೆಲ್ಲಿಯದ್ದು 26.4 ಮಿ.ಮೀ. ಸಣ್ಣ ಬಾರನ್ನು ದೊಡ್ಡ ಹಿಡಿಕೆಯಲ್ಲಿ ಬಿಗಿದಾಗ ಹಿಡಿಕೆಯ ಎರಡು ಕಿವಿಗಳೂ ಒಂದಕ್ಕೊಂದು ತಾಗುವಷ್ಟು ಬಾಗುತ್ತವೆ, ಬಿರುಕು ಹುಟ್ಟುವುದು ಆ ಬಾಗಿದ ಕಿವಿಗಳ ಬುಡದಲ್ಲಿ. ಕಿವಿಗಳ ನಡುವೆ ಸಮಾನಾಂತರವಾದ ಸಂದು ಉಳಿದಿಲ್ಲವೆಂದರೆ ಯಾರೋ ಹಿಂದೆ ಹೊಂದದ ಜೋಡಿಯನ್ನು ಬಲವಂತವಾಗಿ ಸೇರಿಸಿದ್ದಾರೆ ಎಂದೇ ತಿಳಿಯಬೇಕು.

ಪಿಎಕ್ಸ್-10 ಮತ್ತು ಯುಒ-8 ಎರಡರಲ್ಲೂ ಬರುತ್ತಿದ್ದ ಎವಿಎ ಸ್ಟೆಮ್ಮಿಗೆ ಹಳೆಯ ಸೈಕಲ್ ಪ್ರಿಯರಲ್ಲಿ "ಸಾವಿನ ಸ್ಟೆಮ್" ಎಂಬ ಅಡ್ಡಹೆಸರೇ ಇದೆ. ಅದರ ಕಾಂಡದ ತಳದಲ್ಲಿ ಉದ್ದಕ್ಕೆ ಒಂದು ಸೀಳಿದೆ. ಒಳಗಿನ ಶಂಕುವನ್ನು ಬೋಲ್ಟು ಮೇಲಕ್ಕೆಳೆದಾಗ ಆ ಸೀಳು ಅಗಲವಾಗಿ ಕಾಂಡ ಫೋರ್ಕಿನ ಗೋಡೆಗೆ ಒತ್ತಿಕೊಳ್ಳಬೇಕೆಂಬುದು ಉದ್ದೇಶ. ಇಂಥ ಸೀಳಿನ ಮೇಲ್ತುದಿಯಲ್ಲಿ ದುಂಡನೆಯ ರಂಧ್ರ ಕೊರೆದಿದ್ದರೆ ಒತ್ತಡ ಹರಡಿಕೊಳ್ಳುತ್ತದೆ. ತುದಿ ಚೂಪಾಗಿಯೇ ನಿಂತಿದ್ದರೆ ಪ್ರತಿ ಬಿಗಿತವೂ ಸವಾರಿಯ ಪ್ರತಿ ತಿರುಚುವಿಕೆಯೂ ಆ ಒಂದು ಬಿಂದುವನ್ನೇ ಸೀಳುತ್ತಿರುತ್ತದೆ. ಬಿರುಕು ಅಲ್ಲಿಂದ ಹೊರಟು ಕಾಂಡವನ್ನು ಸುತ್ತುವರಿಯುತ್ತದೆ, ಮತ್ತು ಅಷ್ಟೂ ಹೊತ್ತು ಅದು ಫೋರ್ಕಿನ ಕೊಳವೆಯೊಳಗೆ ಅಡಗಿರುವುದರಿಂದ ಹೊರಗಿನಿಂದ ನೋಡಿದವರಿಗೆ ಸ್ಟೆಮ್ ಲಕಲಕ ಹೊಳೆಯುತ್ತಲೇ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಇದನ್ನು ಪರೀಕ್ಷಿಸಿ ತೀರ್ಮಾನಿಸುವ ಅಗತ್ಯವೂ ಇಲ್ಲ. ಬಿರುಕಿಲ್ಲದ ಎವಿಎ ಸ್ಟೆಮ್ ಎಂದರೆ ಬಿರುಕು ಇನ್ನೂ ಕಾಣಿಸದ ಎವಿಎ ಸ್ಟೆಮ್ ಎಂದೇ ಲೆಕ್ಕ ಹಿಡಿದು ತೆಗೆದಿಡಬೇಕು.

ಅದರ ಜಾಗಕ್ಕೆ ಓರೆಯಾಗಿ ಕತ್ತರಿಸಿದ ಬೆಣೆಯಿರುವ, ನಿಟ್ಟೋ ತರಹದ ಜಪಾನೀ ಸ್ಟೆಮ್ಮನ್ನು ಹಾಕಬಹುದು; ನೋಟದಲ್ಲಿ ಕಾಲಕ್ಕೆ ಒಪ್ಪುತ್ತದೆ. ಫ್ರೆಂಚ್ ಫೋರ್ಕಾದರೆ 22.2 ಮಿ.ಮೀ. ಕಾಂಡವನ್ನು ಉಪ್ಪುಕಾಗದದಿಂದ ಸುತ್ತಲೂ ಸಮನಾಗಿ ಉಜ್ಜಿ 22.0ಕ್ಕೆ ತರುವ ರೂಢಿಯಿದೆ. ಅರದಿಂದ ಉಜ್ಜಬಾರದು, ಏಕೆಂದರೆ ಅಡ್ಡಲಾಗಿ ಬಿದ್ದ ಗೀರುಗಳೇ ಮುಂದೆ ಬಿರುಕಿನ ಬೀಜವಾಗುತ್ತವೆ.

ಸ್ಟೆಮ್ ಸರಿಯಿದ್ದರೂ ಅದನ್ನು ಎಷ್ಟು ಆಳಕ್ಕೆ ಇಳಿಸಲಾಗಿದೆ ಎಂಬುದು ಇನ್ನೊಂದು ದೋಷದ ಮೂಲ. ಹಳೆಯ ಎಷ್ಟೋ ಸ್ಟೆಮ್ಮುಗಳ ಮೇಲೆ ಕನಿಷ್ಠ ಆಳದ ಗುರುತೇ ಇರುವುದಿಲ್ಲ. ಅಂಥಲ್ಲಿ ಸುಮಾರು 65 ಮಿ.ಮೀ. ಒಳಗಿರಲೇಬೇಕು. ಇದು ಸ್ಟೆಮ್ ಕಿತ್ತುಬರದಿರಲಿ ಎಂಬುದಕ್ಕಷ್ಟೇ ಅಲ್ಲ. ಫೋರ್ಕಿನ ಕೊಳವೆಯ ಮೇಲ್ಭಾಗದಲ್ಲಿ ಹೆಡ್‌ಸೆಟ್ಟಿಗಾಗಿ (ಫೋರ್ಕ್ ತಿರುಗುವ ಬೇರಿಂಗ್) ಥ್ರೆಡ್ ಕೊರೆದಿರುವುದರಿಂದ ಅಲ್ಲಿ ಗೋಡೆ ತೆಳು, ಪ್ರತಿ ಥ್ರೆಡ್ಡೂ ಒಂದೊಂದು ಸಣ್ಣ ಗೀರಿನಂತೆ ವರ್ತಿಸುತ್ತದೆ. ಬೆಣೆ ಅಥವಾ ಶಂಕು ಆ ಭಾಗದಲ್ಲೇ ಅರಳಿದರೆ ಕೊಳವೆ ಉಬ್ಬುತ್ತದೆ, ಕೊನೆಗೆ ಥ್ರೆಡ್ಡಿನ ಬುಡದಲ್ಲೇ ತುಂಡಾಗುತ್ತದೆ. ಸ್ಟೆಮ್ಮನ್ನು ಹೊರತೆಗೆದು ಫೋರ್ಕಿನ ಪಕ್ಕದಲ್ಲಿಟ್ಟು ಅಳೆದು, ಬೆಣೆ ಕೂರುವ ಜಾಗ ಥ್ರೆಡ್ ಮುಗಿದ ಮೇಲೆ ಕೆಳಗೆ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಫೋರ್ಕಿನ ಕೊಳವೆ ತುಂಡಾದರೆ ಏನಾಗುತ್ತದೆ ಎಂಬುದನ್ನು 2006ರ ಪ್ಯಾರಿಸ್-ರೂಬೆ ಸ್ಪರ್ಧೆ ನೋಡಿದವರು ಬಲ್ಲರು: ಅಮೆರಿಕದ ಜಾರ್ಜ್ ಹಿಂಕಾಪಿ ಕಲ್ಲುಹಾಸಿನ ಮೇಲೆ ಸಾಗುತ್ತಿದ್ದಾಗ ಕೊಳವೆ ಮುರಿದು ಹ್ಯಾಂಡಲ್ ಬಾರ್ ಕೈಯಲ್ಲೇ ಉಳಿದು ನೆಲಕ್ಕೆ ಬಿದ್ದರು. ಅದು ಹೊಸ ಸೈಕಲ್, ಅಲ್ಯೂಮಿನಿಯಂ ಕೊಳವೆ. ಅವರು ಅದೇ ದಿನ ಅದಕ್ಕೂ ಮೊದಲೊಮ್ಮೆ ಬಿದ್ದಿದ್ದರು.

ಹ್ಯಾಂಡಲ್ ಬಾರಿನ ಪಟ್ಟಿಯನ್ನು ಎಷ್ಟೇ ಚೆನ್ನಾಗಿದ್ದರೂ ಬಿಚ್ಚಲೇಬೇಕು. ಬೆವರಿನ ಉಪ್ಪು ಪಟ್ಟಿಯಡಿ ಕುಳಿತು ಅಲ್ಯೂಮಿನಿಯಮ್ಮನ್ನು ಬಿಳಿಯ ಪುಡಿಯಾಗಿಸಿ ತಿನ್ನುತ್ತದೆ. ಅದನ್ನು ಕೆರೆದಾಗ ಕೆಳಗೆ ಉಗುರು ಸಿಕ್ಕುವಷ್ಟು ಆಳದ ಗುಳಿ ಕಂಡರೆ, ಅದರಲ್ಲೂ ಬ್ರೇಕ್ ಲಿವರಿನ ಪಟ್ಟಿ ಕಚ್ಚುವ ಜಾಗದಲ್ಲಿ ಅಥವಾ ಸ್ಟೆಮ್ಮಿನ ಹಿಡಿಕೆಯ ಅಂಚಿನಲ್ಲಿ ಕಂಡರೆ, ಬಾರನ್ನು ಮತ್ತೆ ಬಳಸಬಾರದು.

ಲಕ್ಷಣ: ಸೈಕಲ್ ಒಂದು ಕಡೆಗೆ ಎಳೆಯುವುದು, ಬ್ರೇಕ್ ಹಿಡಿದಾಗ ಮುಂಭಾಗ ನಡುಗುವುದು

ಡೌನ್ ಟ್ಯೂಬಿನ ಅಡಿಯಲ್ಲಿ, ಹೆಡ್ ಟ್ಯೂಬಿಗೆ (ಫ್ರೇಮಿನ ಮುಂದಿನ ಗಿಡ್ಡ ಕೊಳವೆ) ಸೇರುವ ಲಗ್ಗಿನಿಂದ (ಕೊಳವೆಗಳನ್ನು ಕೂಡಿಸುವ ಕೂಡಿಕೆ) ಎರಡು ಮೂರು ಬೆರಳು ಹಿಂದಕ್ಕೆ, ಬೆರಳ ತುದಿಯನ್ನು ಕಣ್ಣು ಮುಚ್ಚಿ ಸವರಬೇಕು. ಹಿಂದೆ ಯಾವುದಕ್ಕಾದರೂ ಎದುರಿನಿಂದ ಗುದ್ದಿದ್ದರೆ ಅಲ್ಲೊಂದು ಸಣ್ಣ ಉಬ್ಬು ಅಥವಾ ಮಡಿಕೆ ಸಿಗುತ್ತದೆ. ಬಣ್ಣ ಅಲ್ಲಿ ಬಿರಿದಿರುವುದೂ ಉಂಟು. ಟಾಪ್ ಟ್ಯೂಬಿನಲ್ಲೂ ಅದೇ ಜಾಗವನ್ನು ನೋಡಬೇಕು. ಅಂಥ ಫ್ರೇಮಿನ ಫೋರ್ಕೂ ಬಾಗಿರುವ ಸಂಭವವೇ ಹೆಚ್ಚು. ಉಕ್ಕಿನ ಫೋರ್ಕನ್ನು ತಿದ್ದಬಲ್ಲ ಫ್ರೇಮ್ ಕುಶಲಕರ್ಮಿಗಳಿದ್ದಾರೆ, ಆದರೆ ಕ್ರೌನಿನ (ಫೋರ್ಕಿನ ಎರಡು ಕಾಲುಗಳು ಕೂಡುವ ಭಾಗ) ಬುಡದಲ್ಲೇ ಮಡಿಕೆ ಬಿದ್ದಿದ್ದರೆ ತಿದ್ದಿಸಿ ಪ್ರಯೋಜನವಿಲ್ಲ.

1970ರ ದಶಕದ ಇಂಗ್ಲೆಂಡಿನ ಲ್ಯಾಂಬರ್ಟ್ ಮತ್ತು ಅದರ ಮುಂದುವರಿಕೆಯಾದ ವೈಕೌಂಟ್ ಸೈಕಲ್ಲುಗಳ ವಿಷಯದಲ್ಲಿ ಪರೀಕ್ಷೆಯ ಮಾತೇ ಬೇಡ. ಅವುಗಳಲ್ಲಿ ಎರಕದ ಅಲ್ಯೂಮಿನಿಯಂ ಫೋರ್ಕಿಗೆ ಉಕ್ಕಿನ ಕೊಳವೆಯನ್ನು ಸೇರಿಸಲಾಗಿತ್ತು, ಆ ಕೂಡಿಕೆಯ ಬಳಿ ಮುನ್ಸೂಚನೆಯಿಲ್ಲದೆ ಕೈಕೊಡುತ್ತಿದ್ದುದರಿಂದ ಮುಂದೆ ಅವನ್ನು ಹಿಂದಕ್ಕೆ ಕರೆಯಬೇಕಾಯಿತು. ಸೈಕಲ್ಲಿನಲ್ಲಿ ಆ ಮೂಲ ಫೋರ್ಕ್ ಇನ್ನೂ ಇದ್ದರೆ ಅದನ್ನು ಸಂಗ್ರಹದ ವಸ್ತುವಾಗಿ ಇಟ್ಟುಕೊಂಡು ಉಕ್ಕಿನ ಫೋರ್ಕನ್ನು ಹಾಕಿಸಬೇಕು.

ಫ್ರಾನ್ಸಿನ ವೀಟ್ಯೂಸ್ 979ರಂತೆ ಅಲ್ಯೂಮಿನಿಯಂ ಕೊಳವೆಗಳನ್ನು ಅಂಟಿನಿಂದ ಲಗ್ಗುಗಳಿಗೆ ಕೂಡಿಸಿದ ಫ್ರೇಮುಗಳಲ್ಲಿ ಕಿರುಗುಟ್ಟುವ ಸದ್ದಿಗೆ ಅಂಟು ಬಿಟ್ಟಿರುವುದೂ ಕಾರಣವಾಗಬಹುದು. ಬ್ರೇಕ್ ಹಿಡಿದು ಫ್ರೇಮನ್ನು ಹಿಂದೆ ಮುಂದೆ ತೂಗುತ್ತಾ ಕೂಡಿಕೆಯ ಗೆರೆಯ ಮೇಲೆ ಉಗುರಿಟ್ಟರೆ ಅಲುಗಾಟ ತಿಳಿಯುತ್ತದೆ.

ಲಕ್ಷಣ: ಪೆಡಲ್ ಒಂದು ಸುತ್ತು ಬಂದಾಗಲೆಲ್ಲ ಒಮ್ಮೆ "ಟಕ್" ಎನ್ನುವುದು

ಮೊದಲು ಪೆಡಲುಗಳನ್ನು ಬಿಚ್ಚಿ ಥ್ರೆಡ್ ನೋಡಬೇಕು. ಹಳೆಯ ಫ್ರೆಂಚ್ ಪೆಡಲುಗಳದ್ದು 14×1.25 ಮಿ.ಮೀ., ಉಳಿದವುಗಳದ್ದು 9/16 ಇಂಚು, ಇಂಚಿಗೆ 20 ಥ್ರೆಡ್. ಫ್ರೆಂಚ್ ಪೆಡಲ್ ಸಾಮಾನ್ಯ ಕ್ರ್ಯಾಂಕಿನಲ್ಲಿ ಸುಲಭವಾಗಿ ಸೇರಿ ಸಡಿಲವಾಗಿ ನಿಲ್ಲುತ್ತದೆ, ಏರು ಹತ್ತುವಾಗ ಥ್ರೆಡ್ ಸಮೇತ ಕಿತ್ತುಬರುತ್ತದೆ. ಯುಒ-8ರ ಕಾಟರ್ ಪಿನ್ ಸವೆದಿದ್ದರೂ ಇದೇ ಸದ್ದು ಬರುತ್ತದೆ. ನಮ್ಮ ಊರುಗಳ ಕರಿ ಸೈಕಲ್ಲಿನಲ್ಲೂ ಕಾಟರ್ ಪಿನ್ನೇ ಇರುವುದರಿಂದ ಈ ರಿಪೇರಿ ಯಾವ ಸೈಕಲ್ ಶಾಪಿನವರಿಗೂ ಹೊಸದಲ್ಲ. ಆದರೆ ಫ್ರೆಂಚ್ ಪಿನ್ನಿನ ವ್ಯಾಸ 9.0 ಮಿ.ಮೀ., ಇಂಗ್ಲಿಷ್ ಅಳತೆಯದ್ದು 9.5 ಎಂಬುದನ್ನು ಅವರಿಗೆ ಮೊದಲೇ ತಿಳಿಸದಿದ್ದರೆ ಉಜ್ಜಿ ಕೂರಿಸಿಬಿಡುತ್ತಾರೆ.

ಚೌಕ ತುದಿಯ ಅಲ್ಯೂಮಿನಿಯಂ ಕ್ರ್ಯಾಂಕಾದರೆ ಕಳಚಿ ಪರೀಕ್ಷಿಸುವುದು ಅನಿವಾರ್ಯ. ಕಳಚುವ ಎಳೆಗವನ್ನೂ ಅಳೆದೇ ಆರಿಸಬೇಕು: ಸಾಮಾನ್ಯ ಕ್ರ್ಯಾಂಕಿಗೆ 22 ಮಿ.ಮೀ., ಟಿಎ ಕಂಪನಿಯದಕ್ಕೆ 23, ಸ್ಟ್ರಾಂಗ್‌ಲೈಟ್ ಕಂಪನಿಯ ಹಳೆಯದಕ್ಕೆ 23.35. ತಪ್ಪು ಎಳೆಗ ಒಂದೇ ತಿರುವಿಗೆ ಕ್ರ್ಯಾಂಕಿನ ಥ್ರೆಡ್ಡನ್ನು ಕಿತ್ತುಹಾಕುತ್ತದೆ. ಕಳಚಿದ ಮೇಲೆ ಬೆಳಕು ಬಿಡಬೇಕಾದ ಜಾಗಗಳು ಚೌಕ ರಂಧ್ರದ ನಾಲ್ಕು ಮೂಲೆಗಳು, ಪೆಡಲ್ ರಂಧ್ರದ ಸುತ್ತಿನ ಲೋಹ, ಮತ್ತು ಬಲಗಡೆಯ ಕ್ರ್ಯಾಂಕಿನಲ್ಲಿ ತೋಳೂ ಚೈನ್ ರಿಂಗನ್ನು ಹಿಡಿಯುವ ಪಕ್ಕದ ಸ್ಪೈಡರ್ ಕವಲೂ ಕೂಡುವ ಮೂಲೆ. ಕಂಪಾಗ್ನೋಲೊ ನುವೊವೊ ರೆಕಾರ್ಡ್, ಸೂಪರ್ ರೆಕಾರ್ಡ್ ಕ್ರ್ಯಾಂಕುಗಳು ಬಿರಿಯುವುದು ಈ ಕೊನೆಯ ಜಾಗದಲ್ಲೇ. ಅಲ್ಲಿ ಮೂಲೆ ಚೂಪಾಗಿದೆ, ತುಳಿದಾಗಲೆಲ್ಲ ಒತ್ತಡ ಅಲ್ಲೇ ಕೂಡುತ್ತದೆ, ಮತ್ತು ಕೊಳೆ ತುಂಬಿಕೊಳ್ಳುವುದರಿಂದ ಬಿರುಕು ಕಾಣುವುದಿಲ್ಲ. ಬಿರುಕು ಇನ್ನೂ ಹುಟ್ಟದಿದ್ದರೆ ಸಣ್ಣ ದುಂಡು ಅರದಿಂದ ಆ ಮೂಲೆಯನ್ನು ದುಂಡಗೆ ಮಾಡಿ, ನಯವಾದ ಉಪ್ಪುಕಾಗದದಿಂದ ಮುಗಿಸುವುದು ಒಪ್ಪಿತ ಉಪಾಯ. ಬಿರುಕು ಬಿಟ್ಟಿದ್ದರೆ ಬೆಸುಗೆ ಹಾಕಿಸುವ ಯೋಚನೆ ಬೇಡ. ಶಾಖಕ್ಕೆ ಸುತ್ತಲಿನ ಲೋಹದ ಗಡಸುತನವೇ ಹೋಗಿಬಿಡುತ್ತದೆ. ಮುರಿದ ಕ್ರ್ಯಾಂಕಿನ ಮುಖವನ್ನು ಒಮ್ಮೆ ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಅರ್ಧಕ್ಕಿಂತ ಹೆಚ್ಚು ಭಾಗ ಎಣ್ಣೆ ಕುಡಿದು ಕಪ್ಪಾಗಿ, ಸಾಲುಸಾಲಾಗಿ ನವಿರು ಗೆರೆಗಳಿಂದ ತುಂಬಿರುತ್ತದೆ, ಉಳಿದ ಸಣ್ಣ ಭಾಗ ಮಾತ್ರ ಹೊಸದಾಗಿ ಹರಳುಹರಳಾಗಿ ಹೊಳೆಯುತ್ತಿರುತ್ತದೆ. ಸವಾರರು ತಿಂಗಳುಗಟ್ಟಲೆ ತುಳಿದದ್ದು ಆ ಹೊಳೆಯುವ ಭಾಗದ ಬಲದ ಮೇಲೆ.

ಕ್ರ್ಯಾಂಕ್ ಸರಿಯಿದ್ದು ಬಾಟಮ್ ಬ್ರಾಕೆಟ್ಟಿನಲ್ಲಿ (ಕ್ರ್ಯಾಂಕುಗಳ ಅಚ್ಚು ತಿರುಗುವ ಜಾಗ) ಆಟ ಪದೇ ಪದೇ ಬರುತ್ತಿದ್ದರೆ ಫ್ರೆಂಚ್ ಮತ್ತು ಇಟಾಲಿಯನ್ ಫ್ರೇಮುಗಳಲ್ಲಿ ಬಲಗಡೆಯ ಬೇರಿಂಗ್ ಕಪ್ಪಿಗೂ ಬಲಮುರಿ ಥ್ರೆಡ್ಡೇ ಇದೆ, ತುಳಿತಕ್ಕೆ ಅದು ತಾನಾಗಿ ಸಡಿಲವಾಗುತ್ತದೆ ಎಂಬುದನ್ನು ನೆನಪಿಡಬೇಕು. ಸೂಪರ್ ರೆಕಾರ್ಡಿನ ಟೈಟಾನಿಯಂ ಅಚ್ಚನ್ನು ಮಾತ್ರ ತೆಗೆದಿಟ್ಟು ಉಕ್ಕಿನದನ್ನು ಹಾಕುವುದೇ ಲೇಸು.

ಲಕ್ಷಣ: ಬ್ರೇಕ್ ಹಿಡಿಯುವುದಿಲ್ಲ, ಅದರಲ್ಲೂ ಮಳೆಯಲ್ಲಿ

ಯುಒ-8ರಂಥ ಸೈಕಲ್ಲಿನ ಕ್ರೋಮ್ ಲೇಪಿತ ಉಕ್ಕಿನ ರಿಮ್ಮು ಒಣ ರಸ್ತೆಯಲ್ಲಿ ಸುಮಾರಾಗಿ ಹಿಡಿಯುತ್ತದೆ, ಒದ್ದೆಯಾದರೆ ನಿಲ್ಲಲು ಬೇಕಾಗುವ ದೂರ ಹಲವು ಪಟ್ಟು ಹಿಗ್ಗುತ್ತದೆ. ಇದು ಹೊಂದಿಕೆಯ ದೋಷವಲ್ಲ, ಆ ಲೋಹದ ಗುಣವೇ ಹಾಗೆ. ಅದರಲ್ಲಿರುವ ಮಾಫಾಕ್ ಕಂಪನಿಯ ಬ್ರೇಕನ್ನು ಎಷ್ಟು ತಿದ್ದಿದರೂ ಹೋಗದು. ಮೂಲ ರಬ್ಬರು ದಶಕಗಳಲ್ಲಿ ಗಟ್ಟಿಯಾಗಿ, ಉಗುರಿನಿಂದ ಒತ್ತಿದರೂ ತಗ್ಗದಂತಾಗಿರುತ್ತದೆ. ರಬ್ಬರನ್ನು ಬದಲಿಸುವುದು ಮೊದಲ ಹೆಜ್ಜೆ, ಮುಂದಿನ ಚಕ್ರಕ್ಕಾದರೂ ಅಲ್ಯೂಮಿನಿಯಂ ರಿಮ್ಮು ಹಾಕಿಸುವುದು ಎರಡನೆಯದು. ಹಳೆಯ 27 ಇಂಚಿನ ರಿಮ್ಮಿನ ವ್ಯಾಸ 630 ಮಿ.ಮೀ., ಅದರ ಬದಲು ಹಾಕುವ 700ಸಿ ಅಳತೆಯ ರಿಮ್ಮಿನದು 622. ಬ್ರೇಕಿನ ರಬ್ಬರು ಕೇವಲ 4 ಮಿ.ಮೀ. ಕೆಳಗಿಳಿದರೆ ಸಾಕಾದ್ದರಿಂದ ಉದ್ದ ತೋಳಿನ ಮಾಫಾಕ್ ರೇಸರ್ ಬ್ರೇಕಿಗೆ ಈ ಬದಲಾವಣೆ ಕಷ್ಟವಲ್ಲ.

ಹಳೆಯ ರಿಮ್ಮನ್ನೇ ಉಳಿಸಿಕೊಳ್ಳುವವರು ಅದರ ಒಳಗೋಡೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಅಂಚಿನಲ್ಲಿ ಒಳಕ್ಕೆ ಬಾಗಿದ ಕೊಕ್ಕೆ ಇಲ್ಲದೆ ಗೋಡೆ ನೇರವಾಗಿದ್ದರೆ ಟೈರಿನ ಅಂಚನ್ನು ಹಿಡಿದಿಡಲು ಅಲ್ಲಿ ಏನೂ ಇಲ್ಲ. ಈಗಿನ ಟೈರಿನ ಮೇಲೆ 100 ಪಿಎಸ್‌ಐ ಎಂದು ಬರೆದಿದೆಯೆಂದು ಅಷ್ಟು ಗಾಳಿ ತುಂಬಿದರೆ ಅದು ಸಿಡಿದು ಹೊರಬರಬಹುದು. 75 ದಾಟದಿರುವುದು ಕ್ಷೇಮ.

ಕೇಬಲ್ಲುಗಳನ್ನು ಹಳೆಯದೆಂಬ ಕಾರಣಕ್ಕೆ ಉಳಿಸುವುದರಲ್ಲಿ ಅರ್ಥವಿಲ್ಲ. ಎಳೆಗಳು ಮೊದಲು ತುಂಡಾಗುವುದು ಲಿವರಿನೊಳಗೆ, ಕೇಬಲ್ಲಿನ ತುದಿಯ ಗುಂಡಿಯ ಬುಡದಲ್ಲಿ, ಕಣ್ಣಿಗೆ ಬೀಳದ ಕಡೆ. ಮಾಫಾಕಿನಂಥ ಸೆಂಟರ್‌ಪುಲ್ (ನಡುವಿನಿಂದ ಎಳೆಯುವ) ಬ್ರೇಕಿನಲ್ಲಿ ಇದರಿಂದ ಇನ್ನೊಂದು ಅನಾಹುತವಿದೆ. ಮುಂದಿನ ಮುಖ್ಯ ಕೇಬಲ್ ತುಂಡಾದಾಗ ಎರಡು ತೋಳುಗಳ ನಡುವಿನ ಅಡ್ಡ ಕೇಬಲ್ ಟೈರಿನ ಮೇಲೆ ಬಿದ್ದು, ಚಕ್ರದೊಡನೆ ಎಳೆದುಕೊಂಡು ಹೋಗಿ ಚಕ್ರವನ್ನೇ ಹಿಡಿದು ನಿಲ್ಲಿಸಬಹುದು. ಮಡ್‌ಗಾರ್ಡ್ ಅಥವಾ ಫೋರ್ಕಿನ ಕ್ರೌನಿಗೆ ಬಿಗಿದ ರಿಫ್ಲೆಕ್ಟರಿನ ಪಟ್ಟಿ ಆ ಕೇಬಲ್ಲನ್ನು ತಡೆಯುತ್ತದೆ, ಹಾಗಾಗಿ ಅಂದಗೆಡಿಸುತ್ತದೆಂದು ಆ ಪಟ್ಟಿಯನ್ನು ಕಿತ್ತುಹಾಕಬಾರದು. ಬಾರಿನ ಮೇಲ್ಭಾಗದಿಂದ ಹಿಡಿಯಲೆಂದು ಜೋಡಿಸುತ್ತಿದ್ದ ಹೆಚ್ಚುವರಿ ಬ್ರೇಕ್ ಲಿವರುಗಳನ್ನು ಮಾತ್ರ ಧಾರಾಳವಾಗಿ ಕಿತ್ತುಹಾಕಬಹುದು. ಅವು ಪೂರ್ತಿ ಹಿಡಿಯುವ ಮೊದಲೇ ಬಾರಿಗೆ ತಾಗುತ್ತವೆ.

ಉಳಿದವು

ಹಿಂದಿನ ಚಕ್ರದ ಅಚ್ಚನ್ನು ಬೆರಳಿನಿಂದ ತಿರುಗಿಸಿದಾಗ ತುದಿ ಓಲಾಡಿದರೆ ಅದು ಬಾಗಿದೆ ಅಥವಾ ತುಂಡಾಗಿದೆ. ಜೋರಾಗಿ ತುಳಿದಾಗ ಚೈನ್ ಹಲ್ಲು ಹಾರಿದರೆ ಫ್ರೀವೀಲೂ ಚೈನೂ ಒಟ್ಟಿಗೆ ಬದಲಾಗಬೇಕು. ಕಡ್ಡಿಗಳು ಹಬ್ಬಿನ ಬಳಿ ಬಾಗುವ ಕಡೆ ಒಂದರ ಹಿಂದೆ ಒಂದು ಮುರಿಯುತ್ತಿದ್ದರೆ ಒಂದೊಂದನ್ನೇ ಬದಲಿಸದೆ ಚಕ್ರವನ್ನು ಹೊಸ ಕಡ್ಡಿಗಳಿಂದ ಮತ್ತೆ ಕಟ್ಟಿಸಬೇಕು, ಆಗ ಹಬ್ಬಿನ ರಂಧ್ರಗಳಲ್ಲಿ ಹಳೆಯ ಕಡ್ಡಿ ಒತ್ತಿದ ಗುರುತಿನ ದಿಕ್ಕಿನಲ್ಲೇ ಹೊಸ ಕಡ್ಡಿಯೂ ಕೂರಬೇಕು. 1970ರ ದಶಕದಲ್ಲಿ ತೂಕ ಇಳಿಸಲೆಂದು ಕೈಯಾರೆ ರಂಧ್ರ ಕೊರೆದ ಭಾಗಗಳ ಫ್ಯಾಷನ್ ಇತ್ತು; ಚೈನ್ ರಿಂಗಿನ ರಂಧ್ರಗಳನ್ನು ಸಹಿಸಬಹುದು, ಸ್ಟೆಮ್, ಸೀಟ್‌ಪೋಸ್ಟ್, ಕ್ರ್ಯಾಂಕುಗಳ ರಂಧ್ರಗಳನ್ನಲ್ಲ.

ತೆಗೆದಿಟ್ಟ ಭಾಗಗಳಿಗೆ ಚೀಟಿ ಕಟ್ಟಿ, ಯಾವ ಸೈಕಲ್ಲಿನದು, ಏಕೆ ತೆಗೆಯಲಾಯಿತು ಎಂದು ಬರೆದು ಡಬ್ಬಿಯಲ್ಲಿಟ್ಟರೆ ಸೈಕಲ್ಲಿನ ಮೌಲ್ಯಕ್ಕೆ ಕುಂದಿಲ್ಲ, ಮುಂದಿನ ಮಾಲೀಕರಿಗೂ ಅನುಕೂಲ. ಬಿರುಕು ಖಚಿತವಾದ ಸ್ಟೆಮ್, ಬಾರ್, ಕ್ರ್ಯಾಂಕುಗಳನ್ನು ಮಾತ್ರ ಹಾಗೆಯೇ ಗುಜರಿಗೆ ಹಾಕಬಾರದು. ಹೊಳಪು ಕೊಟ್ಟ ಮೇಲೆ ಅವು ಮತ್ತೆ "ಮೂಲ ಭಾಗ"ವಾಗಿ ಮಾರಾಟಕ್ಕೆ ಬರುವುದುಂಟು, ಆದ್ದರಿಂದ ಹ್ಯಾಕ್ಸಾದಿಂದ ಎರಡು ತುಂಡು ಮಾಡಿಯೇ ಎಸೆಯಬೇಕು.